ಆರಡಿ ಪೆಟ್ಟಿಗೆಯಲ್ಲಿ ಚೆಂಡುಹೂ

ನೆಟ್ಟಗೆ ಕೂತು ಅಳೋಣ ಅಂದುಕೊಂಡರೂ ಬಿಡದ ಹಾಗೆ ನಮ್ಮ ಮನೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಬೇರೆಯವರ ಮನೆಗೆ ಕಾಯಿಲೆ ಬಂದರೆ ಜನ ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಾರೆ, ಪಿಸುಪಿಸು ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. ನಮ್ಮ ಮನೆಗೆ ಕಾಯಿಲೆ ಬಂದಾಗ ಬೀದಿಯ ಬೆಕ್ಕೆಲ್ಲ ಬಂತು, ಮಂಗ ಬಂತು, ಕೋವಿ ಬಂತು. ಇದನ್ನೆಲ್ಲ ಹೇಳಿದರೆ ಕೆಲವರಿಗೆ ನಗು, ಕೆಲವರಿಗೆ ಸಿಟ್ಟು. ಸಿಟ್ಟು ಬಂದವರು ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ.

ಏನಿಷ್ಟವೋ ಕೊಡಿ

ನಮ್ಮ ಯಜಮಾನರು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಹಾಕೋದು, ಯಾರು ಎಲ್ಲಿ ಕೆಲಸ ಮಾಡಬೇಕು ಅಂತ ಹಂಚೋದು, ಬೆಳಗಿನಿಂದ ಸಂಜೆ ತನಕ ತೋಟದಲ್ಲಿ ನಿಂತು ಕೂಗೋದು. ಇನ್ನು ಮುಂದೆ ನಾನು 'ಇವರು' ಅಂದರೆ ಅವರೇ ಅಂತ ತಿಳಕೊಳ್ಳಿ. ಇವರ ಕಣ್ಣ ಮುಂದೆ ಎಷ್ಟು ಗಿಡ ಎದ್ದು ನಿಂತವೋ ದೇವರಿಗೇ ಗೊತ್ತು, ಅದರಲ್ಲಿ ಒಂದೂ ಇವರದ್ದಲ್ಲ. ಕ್ವಾರ್ಟರ್ಸಿನ ಹಿಂದೆ ನಾನೊಂದು ಗುಲಾಬಿ ನೆಟ್ಟರೆ, ಅದು ಮೊಗ್ಗು ಬಿಡೋ ಹೊತ್ತಿಗೆ ನಮಗೆ ಬೇರೆ ಡಿವಿಜನ್ನಿಗೆ ವರ್ಗ. ಹೂ ಮುಡಿದವಳು ಮುಂದೆ ಬಂದ ರೈಟರ ಹೆಂಡತಿ.

ರಿಟೈರಾದ ಮೇಲೆ ಸುಂಟಿಕೊಪ್ಪದಲ್ಲಿ ಪುಟ್ಟದೊಂದು ಮನೆ ಕಟ್ಟಿಕೊಂಡೆವು. ಮಕ್ಕಳಿಲ್ಲ, ನಾವಿಬ್ಬರೇ. ಅಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕಿಸಿದವಳು ನಾನೇ. ಕೆಸರು, ಜಿಗಣೆ ಕಂಡು ಕಂಡು ಸಾಕಾಗಿ ಹೋಗಿತ್ತು.

ಆಮೇಲೆ ಇವರ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಯ್ತು. ಮೈಸೂರಿನ ಡಾಕ್ಟರು ಸ್ಕ್ಯಾನಿಂಗ್ ಫಿಲ್ಮನ್ನ ಬೆಳಕಿಗೆ ಹಿಡಿದು ನೋಡಿದರು, ನನ್ನೊಬ್ಬಳನ್ನೇ ಹೊರಗೆ ಕರೆದರು. "ಮನೆಗೆ ಕರ್ಕೊಂಡು ಹೋಗಿಮ್ಮ. ಏನಿಷ್ಟವೋ ಅದನ್ನ ಕೊಡಿ" ಅಂದರು. ಈ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು ಒಳಗೆ ಬಂದೆ. ಇವರು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕೂತಿದ್ದರು. "ನನಗೇನಿಷ್ಟ ಅಂತ ಕೇಳೋಕೆ ಹೇಳಿದ್ರಾ?" ಅಂದರು. ಗೋಡೆ ತೆಳ್ಳಗಿತ್ತೋ, ಇವರ ಕಿವಿ ಚುರುಕೋ.

ಬಸ್ಸು ಕುಶಾಲನಗರ ದಾಟಿದ ಮೇಲೆ ನಾನೇ ಕೇಳಿದೆ, "ಏನು ಬೇಕು ಹೇಳಿ. ನಾಳೆ ಹೋಳಿಗೆ ಮಾಡ್ಲಾ?"

"ಮಣ್ಣು" ಅಂದರು.

"ಥೂ, ಬಿಡ್ತು ಅನ್ರಿ!"

"ಲೇ, ಗಿಡ ಹಾಕೋಕೆ ಕಣೇ. ನಂದು ಅಂತ ಒಂದು ಹೂ ಬಿಡೋದನ್ನ ನೋಡ್ಬೇಕು. ಅಷ್ಟು ನೋಡಿಬಿಟ್ರೆ ಸಾಕು."

ಅಂಗಳ ಸಿಮೆಂಟು. ಇವರಿಗೆ ಬಗ್ಗೋಕೂ ಆಗಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂತೇ ಕೈಯಾಡಿಸೋ ಎತ್ತರಕ್ಕೆ ಒಂದು ಮರದ ಪೆಟ್ಟಿಗೆ ಮಾಡಿಸಿ, ಅದಕ್ಕೆ ಮಣ್ಣು ತುಂಬೋದು ಅಂತ ಬಸ್ಸಿನಲ್ಲೇ ತೀರ್ಮಾನ ಆಯ್ತು. ಯಾವ ಗಿಡ ಅಂತ ಕೇಳಿದೆ. "ಕಾಫಿ ಹಾಕಿದ್ರೆ ವರ್ಷಗಟ್ಟಲೆ ಕಾಯ್ಬೇಕು, ಡಾಕ್ಟ್ರು ಅಷ್ಟು ಟೈಮ್ ಕೊಟ್ಟಂಗಿಲ್ಲ. ಚೆಂಡುಹೂ ಹಾಕೋಣ, ಬೇಗ ಬಿಡುತ್ತೆ" ಅಂದರು.

ಮುಂದಿನ ಸೀಟಿನಲ್ಲಿದ್ದ ಹೆಂಗಸು ಅಷ್ಟು ಹೊತ್ತೂ ಕಿವಿ ಕೊಟ್ಟು ಕೂತಿತ್ತು ಅಂತ ಕಾಣುತ್ತೆ. ತಿರುಗಿ ಇವರ ಮುಖ ಒಂದು ಸಲ ಚೆನ್ನಾಗಿ ನೋಡಿ, "ಚೆಂಡುಹೂವಿಗೂ ತಿಂಗಳುಗಟ್ಟಲೆ ಬೇಕಲ್ಲ ಸಾರ್" ಅಂತು. "ನೀವು ಮೆಂತ್ಯ ಹಾಕ್ಬಿಡಿ. ವಾರದಲ್ಲಿ ಬರುತ್ತೆ."

ಮೂಸಿ ನೋಡಪ್ಪ

ಇವರಿದ್ದ ಎಸ್ಟೇಟಿನಲ್ಲಿ ಹಳೇ ಲೈನ್ ಮನೆಗಳನ್ನ ಕೆಡವುತ್ತಿದ್ದರು. ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ್ದ ಒಂದೊಂದೇ ಕೋಣೆಯ ಮನೆಗಳು. ಬಾಗಿಲು, ತೊಲೆ, ಅಟ್ಟದ ಹಲಗೆ ಎಲ್ಲ ರಾಶಿ ಬಿದ್ದಿತ್ತು. ಇವರು ಮ್ಯಾನೇಜರಿಗೆ ಫೋನ್ ಮಾಡಿ, "ಸಾರ್, ಹೆಂಗೂ ಸೌದೆಗೆ ಹಾಕ್ತೀರಿ, ಒಂದಷ್ಟು ಹಲಗೆ ನಂಗೆ ಕೊಡಿ" ಅಂದರು.

"ಏನು ಮಾಡ್ತೀರಿ ರೈಟ್ರೇ?"

"ಒಂದು ಪೆಟ್ಟಿಗೆ ಮಾಡಿಸ್ಬೇಕಿತ್ತು ಸಾರ್. ನನಗೇ."

ಮ್ಯಾನೇಜರು ದನಿ ತಗ್ಗಿಸಿ, "ಬೇಕಾದ್ದು ತಗೊಂಡು ಹೋಗಿ ರೈಟ್ರೇ" ಅಂದರಂತೆ. ಒಳ್ಳೊಳ್ಳೆ ಹಲಗೆ ತಾವೇ ನಿಂತು ಆರಿಸಿ ಎಸ್ಟೇಟ್ ಜೀಪಿಗೇ ಹಾಕಿಸಿದರು. ಸರ್ವೀಸಿನಲ್ಲಿ ಇದ್ದಷ್ಟು ದಿನ ಒಂದು ರಜೆ ಕೇಳಿದರೂ ಮುಖ ಗಂಟು ಹಾಕುತ್ತಿದ್ದ ಮನುಷ್ಯ! "ರಿಟೈರ್ ಆದ ಮೇಲೆ ಎಷ್ಟು ಮರ್ಯಾದೆ ನೋಡು" ಅಂತ ಇವರು ಬೀಗಿದರು.

ಹಲಗೆ ತರೋಕೆ ಜೀಪಿನಲ್ಲಿ ಹೋದವಳು ನಾನು. ದಾರಿಯಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬ ನಿಲ್ಲಿಸಿದ. ನಮ್ಮ ಜಿಲ್ಲೆಯಲ್ಲಿ ಮನುಷ್ಯರನ್ನ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಮರ ಸಾಗಿಸೋದು ಮಾತ್ರ ಕಷ್ಟ. ಅವನು ಹಲಗೆ ಮೇಲೆ ಕೈಯಾಡಿಸಿ, "ಏನಮ್ಮಾ, ಬೀಟೆ ಮರ ಹಾಕ್ಕೊಂಡು ಹೋಗ್ತಿದ್ದೀರಲ್ಲ" ಅಂದ. ಬೀಟೆ ಅಂದರೆ ಸರ್ಕಾರದ ಸ್ವತ್ತು, ಮುಟ್ಟಿದರೆ ಕೇಸು. ನನಗೆ ಮೈ ಉರಿದು ಹೋಯ್ತು.

"ಬೀಟೆ ಅಲ್ಲಪ್ಪ, ಹೆಬ್ಬಲಸು. ಒಲೆ ಹೊಗೆ ಹಿಡಿದು ಕಪ್ಪಗಾಗಿದೆ."

"ಎಲ್ಲರೂ ಹಿಂಗೇ ಹೇಳೋದಮ್ಮ."

"ಹಂಗಾದ್ರೆ ಮೂಸಿ ನೋಡು. ನನ್ನ ಮಾತು ನಂಬ್ಬೇಡ, ನಿನ್ನ ಮೂಗು ನಂಬು."

ಬಗ್ಗಿ ಮೂಸಿದ. ಆ ಲೈನಿನಲ್ಲಿ ಎಷ್ಟು ತಲೆಮಾರಿನವರು ಒಲೆಯ ಮೇಲೆ ಒಣಮೀನು ನೇತು ಹಾಕಿದ್ದರೋ ಏನೋ. ಥಟ್ಟನೆ ತಲೆ ಹಿಂದಕ್ಕೆ ತೆಗೆದು, "ಹೋಗಿಮ್ಮ ಹೋಗಿ. ಇದು ಬೀಟೆ ಅಲ್ಲ, ಬಂಗುಡೆ" ಅಂದ.

ಕೇಸೇನೋ ತಪ್ಪಿತು. ಆದರೆ ನಾವು ಲಿಂಗಾಯತರು. ಮೊಟ್ಟೆ ಬೇಯಿಸಿದ ಪಾತ್ರೆ ಕಂಡರೂ ಮೂಗು ಮುಚ್ಚಿಕೊಳ್ಳೋರು. ಅಂಥ ಮನೆಯ ಅಂಗಳದಲ್ಲಿ ಬಂಗುಡೆ ವಾಸನೆಯ ರಾಶಿ. ಬಿಸಿಲೇರಿದ ಹಾಗೆ ವಾಸನೆಯೂ ಏರಿತು. ಸೀಗೆಪುಡಿ ಹಾಕಿದೆ, ಹುಣಸೆಹುಳಿ ಹಾಕಿದೆ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಕೈ ಬಿದ್ದು ಹೋಯ್ತು. ವಾಸನೆ ಜಗ್ಗಲಿಲ್ಲ. ಬೀದಿಯ ಬೆಕ್ಕೆಲ್ಲ ಬಂದು ಹಲಗೆಯ ಸುತ್ತ ಮರ್ಯಾದೆಯಾಗಿ ಕೂತವು. ಇವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ಬಾಗಿದರು. ಬಕೆಟ್ ಬಿಟ್ಟು ಓಡಿದೆ. ನೋಡಿದರೆ ನಗು. ನಗುವಿಗೂ ನೋವಿಗೂ ಇವರ ಮುಖ ಒಂದೇ ಥರ ಆಗಿಹೋಗಿತ್ತು.

"ಹುಷಾರು ತಪ್ಪಿದ ಮೇಲೆ ನನ್ನ ನೋಡೋಕೆ ಇಷ್ಟೊಂದು ಜನ ಬಂದಿದ್ದು ಇದೇ ಮೊದಲು ಕಣೇ" ಅಂದರು.

ಅದೇ ಸೈಜು

ಹಲಗೆಯಿಂದ ಕಿತ್ತ ತುಕ್ಕು ಮೊಳೆಗಳನ್ನ ಇವರು ಒಂದು ಡಬ್ಬಿಗೆ ಹಾಕಿಟ್ಟುಕೊಂಡರು. ಪಕ್ಕದಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಮೊಳೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡೋದು. ಕೈಯಲ್ಲಿ ಶಕ್ತಿ ಇಲ್ಲ. ಒಂದು ಮೊಳೆ ನೆಟ್ಟಗಾಗೋ ಹೊತ್ತಿಗೆ ನಾನು ಸಾರಿನ ತರಕಾರಿ ಎಲ್ಲ ಹೆಚ್ಚಿ ಮುಗಿಸುತ್ತಿದ್ದೆ. "ಹೊಸ ಮೊಳೆ ತರ್ಸೋಣ ಬಿಡಿ" ಅಂದರೆ ರೇಗಿಬಿಟ್ಟರು. "ಸೊಟ್ಟಗಾಗಿದ್ದನ್ನೆಲ್ಲ ಬಿಸಾಕೋದಾದ್ರೆ ಮೊದಲು ನನ್ನ ಬಿಸಾಕು."

ಕೆಲಸಕ್ಕೆ ಬಸ್‌ಸ್ಟ್ಯಾಂಡಿನ ಹಿಂದಿನ ಮಲಯಾಳಿ ಬಡಗಿಯನ್ನ ಕರೆಸಿದೆ. ಅವನನ್ನ ಎಲ್ಲರೂ ಆಶಾರಿ ಅಂತಲೇ ಕರೆಯೋದು. ಈಗ ಬಾಗಿಲು ಕಿಟಕಿ ಎಲ್ಲ ರೆಡಿಮೇಡ್ ಬರುತ್ತದಲ್ಲ, ಅವನಿಗೆ ಉಳಿದಿರೋ ಕೆಲಸ ಅಂದರೆ ಚರ್ಚಿನವರಿಗೆ ಶವಪೆಟ್ಟಿಗೆ ಮಾಡಿಕೊಡೋದು. ಇದು ನನಗೆ ಆಮೇಲೆ ಗೊತ್ತಾಗಿದ್ದು. ಮೊದಲೇ ಗೊತ್ತಿದ್ದರೆ ನಾನು ಬಾಯಿಬಿಟ್ಟು ಬಿಡಿಸಿ ಹೇಳುತ್ತಿದ್ದೆ.

ಅವನು ಬಂದವನೇ ಇವರನ್ನ ತಲೆಯಿಂದ ಕಾಲಿನವರೆಗೆ ನೋಡಿದ. "ಸಾರ್ ಎತ್ತರ ಎಷ್ಟು ಚೇಚಿ?" ಅಂತ ನನ್ನನ್ನ ಕೇಳಿದ. ಚೇಚಿ ಅಂದರೆ ಅವರ ಮಾತಲ್ಲಿ ಅಕ್ಕ.

"ಅವರ ಎತ್ತರ ನಿನಗ್ಯಾಕೋ? ಆರಡಿ ಉದ್ದ, ಎರಡಡಿ ಅಗಲ ಇರ್ಲಿ. ಕೈಗೆ ಎಟುಕಬೇಕಲ್ಲ, ಅದಕ್ಕಿಂತ ಅಗಲ ಬೇಡ."

"ಗೊತ್ತು ಚೇಚಿ" ಅಂದ, ತಲೆ ತಗ್ಗಿಸಿಕೊಂಡು. "ಅದೇ ಸೈಜು."

ಹೋಗುವಾಗ ಇವರ ಮುಂದೆ ನಿಂತು ಕೈ ಮುಗಿದ.

"ಮುಂಚೆನೇ ಮಾಡಿಸಿ ಇಡೋದು ನಲ್ಲದು, ಒಳ್ಳೇದು ಸಾರ್. ಕೊನೇಲಿ ಹಲಗೆ ಸಿಗಲ್ಲ, ನಾನೂ ಸಿಗಲ್ಲ." ಭಾರೀ ಮುಂದಾಲೋಚನೆ ಇದೆ ಇವನಿಗೆ ಅಂತ ನಾವಿಬ್ಬರೂ ಹೊಗಳಿಕೊಂಡೆವು.

ಪೆಟ್ಟಿಗೆ ಗೂಡ್ಸ್ ಆಟೋದಲ್ಲಿ ಬಂತು. ಕನ್ನಡಿ ಹಂಗೆ ಪಾಲಿಷ್. ಎರಡು ಪಕ್ಕಕ್ಕೂ ಹಿತ್ತಾಳೆ ಹಿಡಿ. ಮೇಲೆ ಮುಚ್ಚಳ. ಇವರು ನೆಟ್ಟಗೆ ಮಾಡಿಕೊಟ್ಟ ಮೊಳೆಗಳನ್ನೇ ಸಾಲಾಗಿ ಹೊಡೆದಿದ್ದ, ಅದೊಂದು ಮಾತ್ರ ಮೆಚ್ಚಬೇಕು. ಇವರು ಪೆಟ್ಟಿಗೆ ನೋಡಿದರು, ನನ್ನ ನೋಡಿದರು. ನನಗೇ ಬಾಯಿ ತಡೆಯಲಿಲ್ಲ.

"ಆಶಾರಿ, ಮುಚ್ಚಳ ಯಾಕೋ? ಮುಚ್ಚಿಟ್ರೆ ಗಿಡ ಹೆಂಗೋ ಬರುತ್ತೆ?"

"ಗಿಡವಾ?" ಅಂದ. ಬಾಯಿ ತೆರೆದದ್ದು ತೆರೆದೇ ಇತ್ತು. "ಇದು ಗಿಡಕ್ಕಾ ಚೇಚಿ?"

"ಮತ್ತೆ ಇನ್ಯಾರಿಗೋ?"

ಅವನು ಇವರ ಕಡೆ ನೋಡಿದ. ಆಗ ನಮಗೆ ಅರ್ಥ ಆಯ್ತು. ನನಗೆ ಸಿಟ್ಟು ಬಂದು ಆ ಹಿತ್ತಾಳೆ ಹಿಡಿ ಕಿತ್ತು ಅದರಲ್ಲೇ ಅವನಿಗೆ ಬಾರಿಸೋಣ ಅನ್ನಿಸಿತು. ಪಾಪ, ಅವನು ಇವರ ಕಾಲು ಹಿಡಿಯೋಕೇ ಬಂದ. ಇವರು, "ಬಿಡು ಮಾರಾಯ. ಮುಚ್ಚಳ ಕಿತ್ತು ಕಾಲು ಹಾಕು. ತಳಕ್ಕೆ ತೂತು ಹೊಡಿ, ನೀರು ಬಸೀಬೇಕು" ಅಂದರು. ಆಶಾರಿ ಅಲ್ಲೇ ಕೂತು ಕಾಲು ಹಾಕಿದ, ತೂತು ಕೊರೆದ, ಮುಚ್ಚಳ ತಲೆ ಮೇಲೆ ಹೊತ್ತು ಹೊರಟ. ಗೇಟಿನ ಹತ್ತಿರ ನಿಂತು ಬೇಜಾರಿನಲ್ಲಿ ಒಂದು ಮಾತು ಹೇಳಿದ.

"ಇಷ್ಟು ವರ್ಷದಲ್ಲಿ ನನ್ನ ಪೆಟ್ಟಿಗೆಗೆ ಕಂಪ್ಲೇಂಟ್ ಬಂದದ್ದು ಇದೇ ಫಸ್ಟ್ ಸಾರ್."

ಕೂರಿಸೋದೋ, ಮಲಗಿಸೋದೋ

ಮಣ್ಣು, ಕೊಟ್ಟಿಗೆ ಗೊಬ್ಬರ, ಕಾಫಿ ಸಿಪ್ಪೆ ಎಲ್ಲ ಕಲಸಿ ತುಂಬಿದ್ದಾಯ್ತು. ಹಲಗೆ ತಂದ ಎಸ್ಟೇಟ್ ಜೀಪಿಗೆ ಆಯುಧಪೂಜೆಯಲ್ಲಿ ಕಟ್ಟಿದ್ದ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು, ಅದನ್ನೇ ಡ್ರೈವರಿನಿಂದ ಇಸಕೊಂಡು, ಇವರು ಒಂದೊಂದೇ ಹೂ ಬಿಡಿಸಿ ಬೀಜ ತೆಗೆದು ಹಾಕಿದರು. ಹೊಸ ಪ್ಯಾಕೆಟ್ಟು ತರ್ಸೋಣ ಅನ್ನೋಕೆ ನನಗೆ ಧೈರ್ಯ ಬರಲಿಲ್ಲ.

ಆ ವಾರ ನನ್ನ ನಾದಿನಿ ಬಂದಳು. ಇವರ ತಂಗಿ, ಶನಿವಾರಸಂತೆ ಕಡೆ ಕೊಟ್ಟಿದ್ದಾರೆ. ಅಣ್ಣ ತಂಗಿ ಮಾತಿಗೆ ಕೂತರೆ ಯುದ್ಧ. ಅವಳು ಒಂದು ಅಂದರೆ ಇವರು ಒಂದು ಅನ್ನಲೇಬೇಕು, ಕೊನೇ ಮಾತು ಇವರದ್ದೇ ಆಗಬೇಕು. ಹುಟ್ಟಿದಾಗಿನಿಂದ ಹಂಗೇ ಅಂತೆ.

ಗೇಟು ತೆಗೆದವಳಿಗೆ ಮೊದಲು ಕಂಡದ್ದು ಆರಡಿ ಪೆಟ್ಟಿಗೆ, ಅದಕ್ಕೆ ಹಿತ್ತಾಳೆ ಹಿಡಿ, ಅದರ ತುಂಬ ಮಣ್ಣು. ಇವರು ಪಕ್ಕದ ಕುರ್ಚಿಯಲ್ಲಿ ಟವೆಲ್ ಹೊದ್ದು ತೂಕಡಿಸುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ಚೀಲ ಅಲ್ಲೇ ಬಿಸಾಕಿ ಎದೆ ಬಡಕೊಂಡಳು.

"ಅಯ್ಯೋ ಅತ್ತಿಗೆ! ನನಗೆ ಒಂದು ಮಾತು ಹೇಳ್ದೇ ಮಣ್ಣೂ ಮುಚ್ಚಿಬಿಟ್ರಾ!"

ಇವರು ಕಣ್ಣು ಬಿಟ್ಟು, "ಇನ್ನೂ ಬೀಜ ಮಾತ್ರ ಹಾಕಿರೋದು, ನೀರು ಹಾಕಿಲ್ಲ. ಯಾಕೆ ಕಿರುಚ್ತೀಯ?" ಅಂದರು.

ಸುಧಾರಿಸಿಕೊಳ್ಳೋಕೆ ಅವಳಿಗೆ ಎರಡು ಲೋಟ ಕಾಫಿ ಬೇಕಾಯ್ತು. ಆಮೇಲೆ ದುಃಖ ಹೋಗಿ ಸಿಟ್ಟು ಬಂತು. "ಅಂಗಳದ ನಡುವೆ ಇಂಥದ್ದನ್ನ ಇಟ್ಕೊಂಡ್ರೆ ಜನ ಏನಂತಾರೆ ಅಣ್ಣ? ನಮ್ಮ ಪೈಕಿ ಯಾರನ್ನಾದ್ರೂ ಪೆಟ್ಟಿಗೇಲಿ ಮಲಗಿಸಿದ್ದುಂಟಾ? ಕೂರಿಸಿ ತಾನೆ ಮಣ್ಣು ಮಾಡೋದು?"

ಅದು ನಿಜ. ಲಿಂಗಾಯತರಲ್ಲಿ ಹೆಣವನ್ನ ಕೂರಿಸೇ ಮಣ್ಣು ಮಾಡೋದು. ಕೂತ ಭಂಗಿಯಲ್ಲೇ ವಿಭೂತಿ ಹಚ್ಚಿ, ಹೂ ಹಾಕಿ, ಕೂತ ಹಾಗೇ ಗುಂಡಿಗೆ ಇಳಿಸೋದು.

ಇವರು ನಿಟ್ಟುಸಿರು ಬಿಟ್ಟರು. "ಜೀವಮಾನ ಪೂರ್ತಿ ತೋಟದಲ್ಲಿ ನಿಂತಿದ್ದೆ. ಸತ್ತ ಮೇಲಾದ್ರೂ ಕಾಲು ಚಾಚಿ ಮಲಗೋಣ ಅಂದ್ರೆ, ಅಲ್ಲೂ ಎಬ್ಬಿಸಿ ಕೂರಿಸ್ತೀರಲ್ಲೇ."

ಎರಡು ಗುಂಡು

ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ಕೊಡವ ದಂಪತಿ ಇದ್ದಾರೆ. ಗಂಡನನ್ನ ನಾವು ಮಾವ ಅಂತೀವಿ. ಒಳ್ಳೇ ಮನುಷ್ಯ, ಗೋಡೆಯಲ್ಲೊಂದು ಕೋವಿ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಫೋನಿಲ್ಲದ ಕಾಲದಿಂದ ಬಂದ ಪದ್ಧತಿ. ಪದ್ಧತಿ ಅವರದ್ದಾದರೂ ಆ ಲೆಕ್ಕ ನಮ್ಮೂರಿನಲ್ಲಿ ಎಲ್ಲ ಜಾತಿಯವರಿಗೂ ಗೊತ್ತು. ಜೋಡಿ ಗುಂಡು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರ ಮನೆ ಅಂತ ಹುಡುಕಿಕೊಂಡು ಹೋಗುತ್ತಾರೆ.

ಚೆಂಡುಹೂವಿನ ಗಿಡ ಎದ್ದು ಮೊಗ್ಗು ಕಂಡಿತ್ತು. ಇವರಿಗೆ ಆ ಮೊಗ್ಗೇ ಔಷಧಿ. ಊಟ ಬೇಡ ಅಂದಾಗ, "ಹಂಗಾದ್ರೆ ಹೂ ನಾನೊಬ್ಬಳೇ ನೋಡ್ಬೇಕಾ?" ಅಂದರೆ ಎರಡು ತುತ್ತು ಇಳಿಯುತ್ತಿತ್ತು. ಅವತ್ತು ಬೆಳಗ್ಗೆ ತುಂಬ ನೋವಿತ್ತು, ಒಳಗೆ ಮಲಗಿದ್ದರು. ನಾನು ಗಂಜಿ ಕಾಯಿಸುತ್ತಿದ್ದೆ. ಹಿಂದಿನ ತೋಟದಿಂದ ಮಂಗಗಳು ಇಳಿದು ಪೆಟ್ಟಿಗೆಯೊಳಗೆ ಕೂತು ಗಿಡ ಕೀಳೋಕೆ ಶುರು ಮಾಡಿದ್ದು ಕಂಡದ್ದು ಪಕ್ಕದ ಮನೆ ಮಾವನಿಗೆ. ಕೋವಿ ತಂದು ಆಕಾಶಕ್ಕೆ ಒಂದು ಹೊಡೆದರು. ಮಂಗ ತಲೆ ಎತ್ತಿ ನೋಡಿ ಸುಮ್ಮನೆ ಕೂತವು. ಇನ್ನೊಂದು ಹೊಡೆದರು. ಓಡಿದವು. ಮಾವ ಕೋವಿ ಒರಸಿಟ್ಟು ತಿಂಡಿಗೆ ಕೂತರು.

ಅಡುಗೆಮನೆಯಲ್ಲಿದ್ದ ನಾನೂ ಜೋಡಿ ಗುಂಡು ಕೇಳಿಸಿಕೊಂಡು, "ಅಯ್ಯೋ ಪಾಪ, ಯಾರೋ ಹೋದ್ರಲ್ಲ" ಅಂತ ಲೊಚಗುಟ್ಟಿದೆ.

ಗಂಜಿ ಇಳಿಸಿ ಹೊರಗೆ ಬಂದರೆ ಅಂಗಳದ ತುಂಬ ಜನ. ಮೆಡಿಕಲ್ ಶಾಪಿನವರು ಹಾರ ಹಿಡಿದಿದ್ದಾರೆ. ಬೀದಿ ಕೊನೆಯ ಮನೆಯವರು ಊದುಬತ್ತಿ ಹಚ್ಚಿಕೊಂಡೇ ಬಂದಿದ್ದಾರೆ. ಕಾಫಿ ಹಣ್ಣು ಕುಯ್ಯೋ ಪಿಕ್ಕಿಂಗಿಗೆ ಹೊರಟಿದ್ದವರು ಜೀಪಿನಿಂದ ಇಳಿದು ಬಂದಿದ್ದಾರೆ. ಆಶಾರಿ ಏದುಸಿರು ಬಿಡುತ್ತಾ ಓಡಿ ಬಂದ, ತಲೆ ಮೇಲೆ ಆ ಮುಚ್ಚಳ. "ಬೇಕಾಗ್ಬಹುದು ಅಂತ ಇಟ್ಟಿದ್ದೆ ಚೇಚಿ" ಅಂತ ಅತ್ತ.

ನನಗೆ ಏನು ಹೇಳೋಕೂ ಬಾಯಿ ಬರಲಿಲ್ಲ. ಬಾಯಿ ಬರದ್ದನ್ನ ನೋಡಿ ಹೆಂಗಸರು ನನ್ನ ಅಪ್ಪಿಕೊಂಡು ಇನ್ನೂ ಜೋರಾಗಿ ಅಳೋಕೆ ಶುರು ಮಾಡಿದರು. ಈ ಗಲಾಟೆಗೆ ಇವರು ಕಂಬಳಿ ಹೊದ್ದುಕೊಂಡು, ಗೋಡೆ ಹಿಡಿದು ಬಾಗಿಲಿಗೆ ಬಂದರು. ಎಲ್ಲರ ಮುಖ ನೋಡಿದರು. ಕಂಬಳಿ ತಲೆಯಿಂದ ಸರಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

"ಯಾರು ಹೋಗ್ಬಿಟ್ರು?"

ಮೆಡಿಕಲ್ ಶಾಪಿನವರು ಹಾರವನ್ನ ಬೆನ್ನ ಹಿಂದೆ ಮಾಡಿಕೊಂಡರು. ಇವರ ಕಣ್ಣು ಅಷ್ಟರಲ್ಲಿ ಪೆಟ್ಟಿಗೆ ಕಡೆ ಹೋಯ್ತು. ಗಿಡಗಳು ಬೇರು ಕಿತ್ತು ಬಿದ್ದಿದ್ದವು, ಮೊಗ್ಗು ನೆಲದ ಮೇಲೆ. "ನನ್ನ ಗಿಡ" ಅಂದರು. ಅಷ್ಟೇ. ಕುರ್ಚಿಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತರು. ಡಾಕ್ಟರ ಮಾತು ಕೇಳಿ ಅಳದ ಮನುಷ್ಯ.

ಆಮೇಲೆ ನಡೆದದ್ದನ್ನ ನಾನು ಸಾಯೋ ತನಕ ಮರೆಯಲ್ಲ. ಇವರಿಗಾಗಿ ಅಳೋಕೆ ಬಂದ ಜನ ಎಲ್ಲ ಪೆಟ್ಟಿಗೆ ಸುತ್ತ ಬಗ್ಗಿ, ಬಿದ್ದ ಗಿಡಗಳನ್ನ ಎತ್ತಿ ಎತ್ತಿ ನೆಟ್ಟರು. ಪಿಕ್ಕಿಂಗಿನ ಹೆಂಗಸರು ಬೇರಿಗೆ ಮಣ್ಣು ಒತ್ತಿದರು. ಆಶಾರಿ ಗೂಟ ಸೀಳಿ ಕೊಟ್ಟ. ಮೆಡಿಕಲ್ ಶಾಪಿನವರು ಹಾರದ ದಾರ ಬಿಚ್ಚಿ ಗಿಡ ಕಟ್ಟೋಕೆ ಕೊಟ್ಟರು. ನೀರು ಹಾಕಿ, ಎಲ್ಲರೂ ಕಾಫಿ ಕುಡಿದರು.

ಅಷ್ಟು ಹೊತ್ತಿಗೆ ಪಕ್ಕದ ಮನೆ ಮಾವ ವಿಷಯ ತಿಳಿದು ಓಡಿ ಬಂದರು, ಹಿಂದೆ ಅವರ ಹೆಂಡತಿ. "ನಿಮಗೆ ಎಂತ ಆಗಿದೆ? ಕೊಡವರಾಗಿ ಎರಡು ಹೊಡೆಯೋದಾ? ಒಂದು ಹೊಡೆದು ಸುಮ್ಮನಿರ್ಲಿಕ್ಕೆ ಆಗಲಿಲ್ವಾ?" ಅಂತ ಎಲ್ಲರೆದುರು ಬೈದರು. ಮಾವ ತಲೆ ತಗ್ಗಿಸಿ ನಿಂತರು.

ಇವರು ಕಣ್ಣೊರಸಿಕೊಂಡು, "ಬೈಬೇಡಿ ಅತ್ತೆ" ಅಂದರು. "ಒಂದೇ ಹೊಡೆದಿದ್ರೆ, ಈ ವಯಸ್ಸಲ್ಲಿ ನಮಗೆ ಗಂಡು ಮಗು ಹುಟ್ಟಿತು ಅಂತ ಬಂದಿರೋರು. ಅದಕ್ಕಿಂತ ಇದೇ ವಾಸಿ."

ಒಳ್ಳೇ ಶೀಟು

ಅವತ್ತಿನದ್ದು ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಪುಣ್ಯಾತ್ಮರು ನಾದಿನಿಗೂ ಫೋನ್ ಮಾಡಿಬಿಟ್ಟಿದ್ದರು. ಮಧ್ಯಾಹ್ನ ಜೀಪು ತುಂಬ ನೆಂಟರನ್ನ ಹಾಕಿಕೊಂಡು, ಸುಂಟಿಕೊಪ್ಪ ಪೇಟೆಯಿಂದಲೇ ಅಳುತ್ತಾ ಬಂದಳು. ಜೀಪಿನ ಬಾಗಿಲು ತೆಗೆದು ಅವಳ ಕೈ ಹಿಡಿದು ಇಳಿಸಿಕೊಂಡದ್ದು ಇವರೇ. ಅವಳು ಮುಖ ನೋಡಿ ಚಿಟ್ಟನೆ ಚೀರಿ ಮತ್ತೆ ಜೀಪೊಳಗೆ ಹತ್ತಿಬಿಟ್ಟಳು.

ಮಂಗದ ಕಥೆ ಎಷ್ಟು ಹೇಳಿದರೂ ನಂಬಲಿಲ್ಲ. "ಇದೆಲ್ಲ ನೀನೇ ಮಾಡಿಸಿದ ನಾಟಕ. ಯಾರು ಯಾರು ಬರ್ತಾರೆ ಅಂತ ನೋಡೋಕೆ! ಹಣ್ಣು ಉದುರೋ ಟೈಮಲ್ಲಿ ಪಿಕ್ಕಿಂಗ್ ನಿಲ್ಲಿಸಿ ಬಂದಿದ್ದೀನಿ. ಇನ್ನೊಂದು ಸಲ ಯಾರು ಫೋನ್ ಮಾಡಿದ್ರೂ ನಾನು ಬರಲ್ಲ ನೋಡು!"

"ಯಾರ ಮಾತೂ ನಂಬಬೇಡ" ಅಂದರು ಇವರು. "ಮುಂದಿನ ಸಲ ನಾನೇ ಫೋನ್ ಮಾಡ್ತೀನಿ. ಆಗ ಬಾ."

ಸಂಜೆ ಇನ್ನೊಂದು ಸುದ್ದಿ ಬಂತು. ಎಸ್ಟೇಟಿನ ಹಳೇ ಸ್ಟಾಫು ಸೇರಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ ಅಂತ. 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ಇವರ ಫೋಟೋ. ಬೀಳ್ಕೊಡುಗೆ ದಿನದ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು, ಹೆಗಲ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿತ್ತು. ನಾನು ಬಿಚ್ಚಿ ತಂದು ಒಲೆಗೆ ಹಾಕೋಕೆ ಹೋದರೆ ಇವರು ಕಸಿದುಕೊಂಡರು.

"ಒಳ್ಳೇ ಶೀಟು ಕಣೇ, ಬಿಸಾಕ್ಬೇಡ. ಮತ್ತೆ ಬೇಕಾಗುತ್ತೆ."

ಅದನ್ನ ಪೆಟ್ಟಿಗೆಯ ಹಿಂದೆ, ತೋಟದ ಕಡೆ ಮುಖ ಮಾಡಿ ಕಟ್ಟಿಸಿದರು. ಮಂಗ ಆಮೇಲೆ ಬರಲೇ ಇಲ್ಲ. "ಈ ಮುಖಕ್ಕೆ ಎಸ್ಟೇಟ್ ಪೂರ್ತಿ ಹೆದರ್ತಿತ್ತು, ಮಂಗ ಯಾವ ಲೆಕ್ಕ" ಅಂದರು.

ನಾನೇ ಫೋನ್ ಮಾಡ್ತೀನಿ

ಹೂ ಬಿಟ್ಟಿತು. ಮೊದಲ ಹೂ ಬಿಚ್ಚಿದ ದಿನ ಇವರು ಬೆಳಗ್ಗೆಯಿಂದ ಕುರ್ಚಿ ಬಿಟ್ಟೇಳಲಿಲ್ಲ. ಕಾಫಿ ಕೊಟ್ಟೆ, ಕುಡಿದರು. ಮಾತ್ರೆ ಕೊಟ್ಟೆ, ನುಂಗಿದರು. ಕೊನೆಗೆ, "ನಂದು" ಅಂದರು. ನಾನು ಒಳಗೆ ಹೋಗಿ ಅತ್ತೆ. ಸಂತೋಷಕ್ಕೋ ಸಂಕಟಕ್ಕೋ ನನಗೂ ಗೊತ್ತಿಲ್ಲ.

ಆಮೇಲೆ ಪೆಟ್ಟಿಗೆ ತುಂಬ ಹೂ. ಪೂಜೆಗೆ ಒಂದು ಕೀಳೋಕೆ ಹೋದರೆ ಬಿಡಲಿಲ್ಲ. "ದೇವರಿಗೆ ರೀ" ಅಂದೆ. "ದೇವರಿಗೆ ಊರೆಲ್ಲ ಕೊಡುತ್ತೆ. ಇದು ಇರ್ಲಿ ಬಿಡು" ಅಂದರು.

ಒಂದು ದಿನ ಬೆಳಗ್ಗೆ ಕಾಫಿ ತಗೊಂಡು ಹೋದೆ. ಕುರ್ಚಿಯಲ್ಲಿ ಕೂತಿದ್ದರು, ಒಂದು ಕೈ ಪೆಟ್ಟಿಗೆಯ ಮಣ್ಣಿನಲ್ಲಿತ್ತು. "ಆರಿ ಹೋಗುತ್ತೆ, ತಗೊಳ್ಳಿ" ಅಂದೆ. ತಗೊಳ್ಳಲಿಲ್ಲ. "ಕೈ ತೊಳೀರಿ ಮೊದಲು, ಮಣ್ಣಾಗಿದೆ" ಅಂತ ಗದರಿದೆ. ಆಮೇಲೆ ಕಿರುಚಿದೆ.

ನನ್ನ ದನಿ ಕೇಳಿ ಪಕ್ಕದ ಮನೆ ಮಾವ ಬಂದರು. ನೋಡಿದರು. ಮನೆಗೆ ಹೋಗಿ ಕೋವಿ ತಂದರು. "ನಿಮ್ಮಲ್ಲಿ ಇದಿಲ್ಲ, ಗೊತ್ತುಂಟು. ಆದರೂ ಹೊಡೀಲಾ?" ಅಂತ ಕೇಳಿದರು. ಹೊಡೀರಿ ಅಂದೆ. ಅಂಗಳದಲ್ಲಿ ನಿಂತು ಎರಡು ಗುಂಡು ಹೊಡೆದರು.

ಒಬ್ಬರೂ ಬರಲಿಲ್ಲ.

ಬಾಗಿಲುಗಳು ತೆರೆದದ್ದೇನೋ ನಿಜ. ಗೇಟಿನಿಂದ ನೋಡುತ್ತಾ ನಿಂತಿದ್ದೆ. ಎದುರು ಮನೆಯವರು ಹೊರಗೆ ಬಂದು, "ಮತ್ತೆ ಮಂಗ ಬಂತು!" ಅಂತ ಕೂಗಿ, ತಮ್ಮ ಹೂಕುಂಡ ಎತ್ತಿಕೊಂಡು ಒಳಗೆ ಹೋದರು. ಬೀದಿಯುದ್ದಕ್ಕೂ ಒಬ್ಬೊಬ್ಬರೇ ಬಂದು ಅವರವರ ಕುಂಡ ಒಳಗಿಟ್ಟು ಬಾಗಿಲು ಹಾಕಿಕೊಂಡರು. ಮಾವ ಕೋವಿ ಹಿಡಿದು ನಿಂತೇ ಇದ್ದರು. ಅಳು ಬರುತ್ತಿದ್ದವಳಿಗೆ ಎಲ್ಲಿಂದ ಬಂತೋ ನಗು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಇವರಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗೋರು.

ಫ್ಲೆಕ್ಸ್ ಬಿಚ್ಚಿ ಗೇಟಿಗೆ ಕಟ್ಟಿದೆವು. ದಾರಿಯಲ್ಲಿ ಹೋಗೋರು ನೋಡಿ, "ಇದನ್ನಿನ್ನೂ ಇಟ್ಕೊಂಡಿದ್ದಾರಲ್ಲ" ಅಂತ ನಗುತ್ತಾ ಹೋದರು. ಕೊನೆಗೆ ಮಾವನೇ ಮನೆ ಮನೆಗೆ ಹೋಗಿ ಕೈ ಮುಗಿದು ಹೇಳಿಕೊಂಡು ಬರಬೇಕಾಯ್ತು. ಅಷ್ಟು ಹೊತ್ತು ನಾನೂ ಅವರ ಹೆಂಡತಿಯೂ ಹೂ ಕೀಳುತ್ತಾ ಕೂತೆವು. ಈ ಸಲ ಯಾರೂ ಬೇಡ ಅನ್ನಲಿಲ್ಲ. ಹಾರ ಕಟ್ಟಿ ಹಾಕಿದೆ. ಕೂತೇ ಹೋಗಿದ್ದರಲ್ಲ, ಕೂರಿಸೋ ಕಷ್ಟವನ್ನೂ ಯಾರಿಗೂ ಕೊಡಲಿಲ್ಲ.

ನಾದಿನಿಗೆ ಬೆಳಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದೆ, ತೋಟದೊಳಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಅವಳೇ ವಾಪಸ್ ಮಾಡಿದಳು.

"ನಿಮ್ಮಣ್ಣ ಹೋಗ್ಬಿಟ್ರು ಕಣಮ್ಮ" ಅಂದೆ.

"ಅತ್ತಿಗೆ, ನೀವೂ ಸೇರ್ಕೊಂಡ್ರಾ ಈ ನಾಟಕಕ್ಕೆ? ಅವನೇ ಫೋನ್ ಮಾಡ್ತೀನಿ ಅಂದಿದ್ದ ತಾನೆ? ಪಕ್ಕದಲ್ಲೇ ಕೂತು ನಗ್ತಿರ್ಬೇಕು. ಕೊಡಿ ಅವನಿಗೆ ಫೋನು."

ಏನು ಹೇಳಲಿ? ಕೊಟ್ಟೆ. ಸ್ಪೀಕರ್ ಹಾಕಿ, ಇವರ ಕಿವಿ ಹತ್ತಿರ ಹಿಡಿದೆ.

ಅವಳು ಬೈದಳು. ವಯಸ್ಸಿಗೆ ತಕ್ಕ ಬುದ್ಧಿ ಇಲ್ಲ ಅಂತ ಬೈದಳು, ಕೆಲಸ ಕೆಡಿಸೋಕೆ ಹುಟ್ಟಿದೀಯ ಅಂತ ಬೈದಳು, ಚಿಕ್ಕಂದಿನಲ್ಲಿ ತನ್ನ ಜಡೆ ಕಂಬಕ್ಕೆ ಕಟ್ಟಿದ್ದನ್ನೂ ತೆಗೆದು ಬೈದಳು. ಬೈದು ಬೈದು, ಉಸಿರು ತಗೊಳ್ಳೋಕೆ ನಿಂತಳು.

ಇವರು ಎದುರು ಹೇಳಲಿಲ್ಲ.

"ಅಣ್ಣ?" ಅಂದಳು. ಇನ್ನೊಂದು ಸಲ, "ಅಣ್ಣ?" ಅಂದಳು. ಆಮೇಲೆ, "ಬಂದೆ ಅತ್ತಿಗೆ" ಅಂತ ಫೋನ್ ಇಟ್ಟಳು.